ಕವರಿನಲ್ಲಿ ತಂದ ಕೂದಲು

ಸಕಲೇಶಪುರದ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಐಬ್ರೋ ಮಾಡುವುದು, ಕೂದಲು ಕತ್ತರಿಸುವುದು, ಮದುಮಗಳನ್ನು ಸಿಂಗರಿಸುವುದು ಎಲ್ಲ ಪಾರ್ಲರಿನಲ್ಲೂ ಇದ್ದದ್ದೇ. ಆದರೆ ಹೆತ್ತೂರು ಕಡೆಯಿಂದ, ಆಲೂರಿನಿಂದ ಹೆಂಗಸರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಎಣ್ಣೆಗಾಗಿ. ಗರುಗದ ಸೊಪ್ಪು, ಬಿಳಿ ದಾಸವಾಳ, ಕರಿಬೇವು, ಮೆಂತ್ಯ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುವುದನ್ನು ಅಮ್ಮನಿಂದ ಕಲಿತಿದ್ದೆ. ಕೂದಲು ಉದುರುತ್ತದೆ ಎಂದರೆ ಸಾಕು, ಹಿಂದೆಮುಂದೆ ಕೇಳದೆ ಬಾಟಲಿ ಎತ್ತಿಕೊಡುತ್ತಿದ್ದೆ.

ಹೆಗ್ಗದ್ದೆಯ ಆ ಅಕ್ಕ ಮೊದಲ ಸಲ ಬಂದದ್ದು ಅಣ್ಣನ ಮಗಳ ಮದುವೆಯ ಹಿಂದಿನ ವಾರ. ನಲವತ್ತರ ಆಚೆಈಚೆ ವಯಸ್ಸು. ಗಂಡ ಹೆಂಡತಿ ಇಬ್ಬರೇ ದುಡಿದು ನೋಡಿಕೊಳ್ಳುವ ಸಣ್ಣ ಕಾಫಿ ತೋಟ. ಕುರ್ಚಿಯಲ್ಲಿ ಕೂತವರು ವ್ಯಾನಿಟಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗಿಟ್ಟರು. ಒಳಗೆ ಉಂಡೆ ಕಟ್ಟಿದ ಕೂದಲು.

"ಒಂದೇ ವಾರದ್ದು ಕಣವ್ವ. ನಮ್ಮನೆಯವ್ರಿಗೆ ತೋರ್ಸಿದ್ರೆ ನಗ್ತಾರೆ. ಜಡೆ ನೋಡು, ಇಲಿ ಬಾಲ ಆಗ್ಬುಟ್ಟೈತೆ."

ಮಗಳು ಮೊಬೈಲಿನಲ್ಲಿ ನೋಡಿ ಯಾವುದೋ ಸೀರಮ್ ತರಿಸಿಕೊಟ್ಟಿದ್ದಳಂತೆ. "ಅದೆಲ್ಲ ಕೆಮಿಕಲ್ ಅಕ್ಕಾ, ಮುಟ್ಟಬೇಡಿ" ಎಂದು ನನ್ನ ಎಣ್ಣೆ ಕೊಟ್ಟೆ. ಅವರು ನಂಬಿದರು. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಬಂದರು.

ಬಂದಾಗಲೆಲ್ಲ ಮೆಟ್ಟಿಲು ಹತ್ತಿ ಬಾಗಿಲಿಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದರು. ತಲೆಗೆ ಎಣ್ಣೆ ತಿಕ್ಕುವಾಗ ಸೆರಗಿನ ಗಂಟು ಬಿಚ್ಚಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಿದ್ದರು. ಅದನ್ನು ನೋಡಿ ನಾನು ನಕ್ಕಿದ್ದೇನೆ. ಐಬ್ರೋ ಮಾಡುವಾಗ ಅವರ ಕಣ್ಣು ನನ್ನ ಕಣ್ಣಿಗೆ ಒಂದು ಗೇಣು ದೂರ. ರೆಪ್ಪೆಯ ಒಳಗು ಕಾಗದದಂತೆ ಬಿಳಿಚಿಕೊಂಡಿತ್ತು. ಅಕ್ಕನ ಮೈಬಣ್ಣವೇ ಹಾಗೆ ಎಂದುಕೊಂಡೆ.

ಒಂದು ಸಲ ಪಾರ್ಲರಿನಲ್ಲಿ ಬೇರೆ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಮೆಲ್ಲಗೆ ಕೇಳಿದರು. "ಮುಟ್ಟಾದ್ರೆ ಹದಿನೈದು ದಿನಾದ್ರೂ ನಿಲ್ಲಾಕಿಲ್ಲ ಕಣೆ. ಗಡ್ಡೆಗಡ್ಡೆ ಹೋಯ್ತದೆ. ಎಲ್ರಿಗೂ ಹಿಂಗೇಯಾ?"

"ಈ ವಯಸ್ಸಲ್ಲಿ ಎಲ್ಲರಿಗೂ ಹಂಗೇ ಅಕ್ಕಾ, ನಿಲ್ಲೋ ಮುಂಚೆ ಜಾಸ್ತಿ ಆಗುತ್ತೆ" ಎಂದೆ. ಹೊರಗೆ ಇನ್ನೊಬ್ಬ ಗಿರಾಕಿ ಬಂದ ಸದ್ದಾಯಿತು. ಬೇಗ ಬೇಗ ಜಡೆ ಹೆಣೆದು ಅವರನ್ನು ಎಬ್ಬಿಸಿದೆ.

ಕಾಫಿ ಕುಯ್ಲು ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ ಅವರ ಗಂಡ ಫೋನ್ ಮಾಡಿದರು. ಕಣದಲ್ಲಿ ಹಣ್ಣು ಹರವುತ್ತಿದ್ದವಳು ಹಾಗೇ ಬಿದ್ದುಬಿಟ್ಟಳು, ಹಾಸನದ ಆಸ್ಪತ್ರೆಗೆ ತಂದಿದ್ದೇವೆ ಎಂದರು.

"ಮೈಗೆ ಏನ್ ಹಚ್ತಿದ್ರು, ಏನ್ ತಗೋತಿದ್ರು ಅಂತ ಡಾಕ್ಟ್ರು ಕೇಳ್ತಾವ್ರೆ ಕಣಮ್ಮ. ನಿನ್ನೆಣ್ಣೆಗೆ ಏನೇನ್ ಹಾಕಿದ್ದೆ?"

ಒಂದೊಂದೇ ಹೆಸರು ಹೇಳಿದೆ. ಆ ದಿನವೆಲ್ಲ ನಾನು ಹೆದರಿದ್ದು ಅಕ್ಕನಿಗಾಗಿ ಅಲ್ಲ, ನನಗಾಗಿ. ಪೊಲೀಸರು ಬರುತ್ತಾರೇನೋ, ಬಾಗಿಲು ಹಾಕಿಸುತ್ತಾರೇನೋ ಎಂದು ಉಳಿದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಸಾಗಿಸಿದೆ. ಸಂಜೆ ಅವರೇ ಮತ್ತೆ ಫೋನ್ ಮಾಡಿ, "ಎಣ್ಣೆಯಿಂದ ಅಲ್ವಂತೆ. ಮೈಯಾಗೆ ರಕ್ತಾನೇ ಇಲ್ವಂತೆ, ಹನ್ನೆರಡು ಇರ್ಬೇಕಾದ್ದು ನಾಲ್ಕಕ್ಕೆ ಇಳಿದೈತಂತೆ. ಗರ್ಭಕೋಶದಾಗೆ ಗಡ್ಡೆ ಐತೆ, ಅದ್ಕೇ ಹಂಗೆ ರಕ್ತ ಹೋಯ್ತಿದ್ದದ್ದು" ಎಂದಾಗ "ಅಬ್ಬಾ" ಎಂದುಬಿಟ್ಟೆ. ಆಮೇಲೆ ಆ ಮಾತು ನನ್ನ ಕಿವಿಗೇ ಬಿದ್ದು ನಾಚಿಕೆಯಿಂದ ಹಿಡಿಯಾದೆ.

ಮೂರು ಬಾಟಲಿ ರಕ್ತ ಏರಿಸಿ, ಸ್ವಲ್ಪ ಸುಧಾರಿಸಿದ ಮೇಲೆ ಆಪರೇಷನ್ ಮಾಡಿದರು. ಆಪರೇಷನ್ ಆದ ನಾಲ್ಕನೆಯ ದಿನ ನೋಡಲು ಹೋದೆ. ದಿಂಬಿನ ಮೇಲೂ ಕೂದಲು ಉದುರಿತ್ತು. ನನ್ನನ್ನು ಕಂಡದ್ದೇ ನಕ್ಕರು.

"ನಿನ್ನೆಣ್ಣೇದೇನ್ ತಪ್ಪಿಲ್ವಂತೆ ಬುಡು."

"ಅಕ್ಕಾ, ನೀವು ಅವತ್ತು ಹೇಳಿದ್ರಿ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ."

"ನಾನ್ ಹೇಳಿದ್ದು ನಿಂಗೊಬ್ಬಳಿಗೇ ಕಣೆ. ನಮ್ಮನೆಯವ್ರ ಹತ್ರ ಹೆಂಗ್ ಹೇಳದು? ಮಗಳು ಸಣ್ಣೋಳು. ನೀನು ಎಲ್ರಿಗೂ ಹಂಗೇ ಅಂದೆ, ಸರಿ ಅಂತ ಸುಮ್ನಾದೆ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ತಂದಿದ್ದ ಮೂಸಂಬಿ ಮೇಜಿನ ಮೇಲಿಟ್ಟು, ಮುಖ ತೊಳೆದುಕೊಳ್ಳುವ ನೆಪದಲ್ಲಿ ಹೊರಗೆ ಹೋದೆ.

ಅಕ್ಕ ಮನೆಗೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ಕೂದಲು ಉದುರುವುದು ಇನ್ನೂ ಜಾಸ್ತಿಯಾಯಿತು. ಈ ಸಲ ನಾನೇ ಅವರನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೈಗೆ ಅಷ್ಟು ದೊಡ್ಡ ಪೆಟ್ಟು ಬಿದ್ದರೆ ಎರಡು ಮೂರು ತಿಂಗಳಾದ ಮೇಲೆ ಕೂದಲು ಹೀಗೆ ಉದುರುತ್ತದೆ, ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ, ಮೊಟ್ಟೆ, ಕಾಳು, ಸೊಪ್ಪು ತಿನ್ನಿ, ಕಾಯಬೇಕು ಎಂದರು ಡಾಕ್ಟರು. ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತಿದ್ದದ್ದೂ ರಕ್ತ ಕಮ್ಮಿಯಾಗಿಯೇ ಅಂತೆ. ನನ್ನ ಎಣ್ಣೆಯ ವಿಷಯ ನಾನೇ ಕೇಳಿದೆ. "ಹಚ್ಚಲಿ, ಕೂದಲು ನಯವಾಗಿರುತ್ತೆ. ರಕ್ತ ಕಮ್ಮಿ ಇರೋದಕ್ಕೆ ಅದು ಔಷಧಿ ಅಲ್ಲ" ಎಂದರು. ಪಾರ್ಲರ್ ತೆರೆದ ಹನ್ನೊಂದು ವರ್ಷದಲ್ಲಿ ನಾನು ಯಾರಿಗೂ ಹೇಳದಿದ್ದ ಮಾತು.

ಅಕ್ಕ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಲು ಹೇಳಿದರು. ಜಡೆ ಬಿಚ್ಚಿ ಕತ್ತರಿಸಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಹಣೆಯ ಅಂಚಿನಲ್ಲಿ ಮೋಟುಮೋಟಾಗಿ ಹೊಸ ಕೂದಲು ಎದ್ದಿತು. ಈಗ ಸಣ್ಣ ಗಂಟು ಹಾಕುವಷ್ಟು ಬೆಳೆದಿದೆ. ಹಳೆಯ ಜಡೆ ಬರಲಿಲ್ಲ.

ಎಣ್ಣೆ ಕಾಯಿಸುವುದನ್ನು ನಾನು ಬಿಟ್ಟಿಲ್ಲ. ಆದರೆ ಕೊಡುವ ಮೊದಲು ಸುಸ್ತಾಗುತ್ತಾ, ಮುಟ್ಟು ಸರಿ ಇದೆಯಾ, ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು ಎಂದು ಕೇಳುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗ. ಹೋದ ವಾರ ಬಂದ ಕಾಲೇಜಿನ ಹುಡುಗಿಯ ಬೈತಲೆ ಎರಡು ಬೆರಳು ಅಗಲವಾಗಿತ್ತು, ಉಗುರು ಬಿಳಿಚಿತ್ತು. ಕೇಳಿದ್ದೇ ತಡ ಎದ್ದುಬಿಟ್ಟಳು. "ನಂಗೆ ಎಣ್ಣೆ ಬೇಕಿತ್ತು ಆಂಟಿ, ಡಾಕ್ಟ್ರು ಅಲ್ಲ" ಎಂದು ಹೋದಳು. ಹಿಂದೆಯೇ ಓಡಿ ಬಸ್ ನಿಲ್ದಾಣದವರೆಗೂ ಹುಡುಕಿದೆ. ಸಿಗಲಿಲ್ಲ. ಯಾವ ಊರು ಎಂದೂ ಕೇಳಿಕೊಂಡಿರಲಿಲ್ಲ.