ಇಳಿದು ನೋಡಿ

ಚಾಮರಾಜಪೇಟೆಯ ನಮ್ಮ ಪುಟ್ಟ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಮೇಡಂಗೆ ನುಣುಪಾದ ಗ್ರಾಫ್ ಕಂಡರೆ ಸಿಟ್ಟು. ಕನ್ನಡಕವನ್ನು ಹಣೆಗೇರಿಸಿ, ಮೂಗು ಪರದೆಗೆ ತಗಲುವಷ್ಟು ಬಾಗಿ, “ಇಳಿದು ನೋಡಿ” ಎನ್ನುತ್ತಿದ್ದರು. “ಫ್ಲೈಓವರ್ ಮೇಲಿಂದ ಮಾರ್ಕೆಟ್ಟೂ ತಣ್ಣಗೇ ಕಾಣ್ಸುತ್ತೆ. ಇಳಿದ್ರೆ ಗೊತ್ತಾಗುತ್ತೆ ನೂಕಾಟ.” ದಿನಕ್ಕೆ ಹತ್ತು ಸಲ ಕೇಳಿ ನನಗೆ ಕಿರಿಕಿರಿಯಾಗುತ್ತಿತ್ತು.

ಆಂಬುಲೆನ್ಸ್ ಕರೆಸುವ ಆ್ಯಪ್ ಮರುದಿನ ಜನರ ಕೈಗೆ ಹೋಗುವುದಿತ್ತು. ಪರೀಕ್ಷೆಯಲ್ಲಿ ಆ್ಯಪ್ ಉತ್ತರಿಸಲು ಹಿಡಿದ ಸಮಯದ ಗ್ರಾಫನ್ನು ಮ್ಯಾನೇಜರ್ ತೋರಿಸಿದರು: ಒಂದೊಂದು ಗಂಟೆಯ ಸರಾಸರಿಗೆ ಒಂದೊಂದೇ ಚುಕ್ಕಿ, ಗೆರೆ ಸಮತಟ್ಟಾಗಿತ್ತು. ಮೇಡಂ ಸೆಕೆಂಡಿಗೊಂದು ಚುಕ್ಕಿಯಂತೆ ಬಿಡಿಸಿದರು. ಗೆರೆ ಅಲ್ಲಲ್ಲಿ ಗೋಡೆಯಂತೆ ಎದ್ದು ನಿಂತಿತು. ಅಲ್ಲೆಲ್ಲ ಆ್ಯಪ್ ಇಪ್ಪತ್ತು ಸೆಕೆಂಡು ಉತ್ತರವನ್ನೇ ಕೊಟ್ಟಿರಲಿಲ್ಲ.

“ಇಪ್ಪತ್ತೇ ಸೆಕೆಂಡ್ ತಾನೆ ಮೇಡಂ, ಸರಾಸರಿ ಚೆನ್ನಾಗಿದ್ಯಲ್ಲ, ಬಿಡಿ” ಎಂದರು ಮ್ಯಾನೇಜರ್.

“ಸಾರ್, ನಿಮ್ಮ ತಂದೆಗೆ ಎದೆನೋವು. ಈಗ್ತಾನೆ ಬಟನ್ ಒತ್ತಿದೀರಿ. ಯಾರೂ ಮಾತಾಡ್ಬೇಡಿ.” ಮೇಡಂ ಒಂದು ಕೈ ಮೇಲೆತ್ತಿ ಗಡಿಯಾರ ನೋಡತೊಡಗಿದರು.

ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮ್ಯಾನೇಜರ್ ಕುರ್ಚಿಯಲ್ಲಿ ಕದಲಿದರು, ಕೊನೆಗೆ ತಡೆಯಲಾರದೆ ಹೇಳಿದರು: “ಸಾಕು ಮೇಡಂ, ಒಂದು ನಿಮಿಷದ ಮೇಲಾಯ್ತು.”

ಮೇಲೆತ್ತಿದ ಕೈ ಇಳಿಯಲಿಲ್ಲ. “ಹನ್ನೊಂದು ಸೆಕೆಂಡ್ ಆಗಿದೆ ಸಾರ್.”