ರೊಟ್ಟಿ ಬಡಿಯೋ ಹೊತ್ತಿನ ನಿದ್ದಿ

ನಮ್ಮ ಮನ್ಯಾಗ ಕೋಳಿ ಕೂಗೂಕಿಂತ ಮೊದಲ ಹಂಚು ಕಾಯ್ತಿತ್ತು. ಸೊಸಿ ಇಂಡಿ ಊರಿನ ಖಾನಾವಳಿಗೆ ರೊಟ್ಟಿ ಬಡಿದು ಕಳಸ್ತಿದ್ದಳು. ಸಿಂದಗಿಯಿಂದ ಹೋಗೋ ಮೊದಲ ಬಸ್ಸಿಗೆ ಬುಟ್ಟಿ ಹಾಕಬೇಕು, ತಪ್ಪಿತಂದ್ರ ಅವತ್ತಿನ ರೊಟ್ಟಿ ದನಕ್ಕ. ನನ್ನ ಮೊಣಕಾಲು ಹೋಗಿದ್ವು, ಒಲಿ ಮುಂದ ಕೂಡಾಕ ಆಗ್ತಿರಲಿಲ್ಲ. ನನ್ನ ಜಾಗಾದಾಗ ಮೊಮ್ಮಗಳು ಕುಂತಳು.

ಅಕಿ ಆಗ ಪಿಯುಸಿ ಎರಡನೇ ವರ್ಷ. ನರ್ಸ್ ಆಗಬೇಕಂತ ಹಟ. ಒಮ್ಮೆ ಕೇಳಿದ್ದು ಮರೀತಿರಲಿಲ್ಲ, ನನ್ನ ಬಿಪಿ ಗುಳಿಗಿ ಹೆಸರು ಸೈತ ಪಟಪಟ ಹೇಳ್ತಿದ್ದಳು. ಊರು ಮಲಗಿದ ಮ್ಯಾಲೆ ಪುಸ್ತಕ, ಊರು ಏಳೂಕಿಂತ ಮೊದಲ ಹಿಟ್ಟು. ನಡುವ ಉಳಿದದ್ದು ಚೂರು ನಿದ್ದಿ. ಸಂಜಿಮುಂದ ಅಡ್ಡಾಗಾಕೂ ಮನ್ಯಾಗ ಬಿಡ್ತಿರಲಿಲ್ಲ, ದೀಪ ಹಚ್ಚೋ ಹೊತ್ತಿಗೆ ಹೆಣ್ಣುಮಗಳು ಮಲಗಿದ್ರ ಲಕ್ಷ್ಮಿ ಹೊಳ್ಳಿ ಹೋಗ್ತಾಳಂತ. ಓಣಿಯವರು ಬ್ಯಾರೆ, "ಈಕಿಗೆ ನಿದ್ದೀನ ಬ್ಯಾಡ ನೋಡ್ರಿ, ಕೊಟ್ಟ ಮನಿ ಬೆಳಗತಾಳ" ಅಂತ ಹೊಗಳೋರು.

ಚಳಿಗಾಲಕ್ಕ ಅಕಿ ಸೊರಗಿದಳು. ಬಾಯಾಗ ಹುಣ್ಣು, ತಲಿನೋವು, ಮ್ಯಾಲಿಂದ ಮ್ಯಾಲೆ ಜ್ವರ. ಗುಳಿಗಿ ಹೆಸರು ಕೇಳಿದ್ರ, "ತಡಿ ಆಯಿ, ನಾಲಿಗಿ ಮ್ಯಾಲ ಐತಿ" ಅಂತ ಸುಮ್ಮ ನಿಲ್ಲೂಕಿ. ಸೊಸಿ ದೃಷ್ಟಿ ತೆಗೆದಳು. ಅದಕ್ಕೂ ಬಗ್ಗಲಿಲ್ಲಂತ ದವಾಖಾನಿಗೆ ಹೋದ್ವಿ.

ಡಾಕ್ಟರಮ್ಮ ಕೇಳಿದ್ರು, "ಎಷ್ಟೊತ್ತು ಮಲಗ್ತೀ?"

ಹುಡುಗಿ ಬಾಯಿ ತೆರೆಯೂದರಾಗ ಸೊಸಿ, "ಅಕಿ ನಿದ್ದಿಬಡಕಿ ಅಲ್ರಿ, ಭಾಳ ಚುರುಕ ಅದಾಳ."

"ಚುರುಕ ಇದ್ದಾಕಿ ಹಿಂಗ್ಯಾಕ ಆದಳು? ರಕ್ತ ಕಡಿಮಿ ಐತಿ, ಗುಳಿಗಿ ಕೊಡ್ತೇನಿ. ನಿದ್ದಿ ಕೊಡಾಕ ನನಗ ಬರೂದಿಲ್ಲ. ಓದಿದ್ದು ತಲ್ಯಾಗ ಕೂಡಬೇಕಂದ್ರ ರಾತ್ರಿ ಪೂರಾ ಮಲಗಬೇಕವ್ವ."

ಹೊರಗ ಬಂದು ನಾ ಅಂದೆ, "ಪರೀಕ್ಷೆ ಮುಗಿಯೂಮಟ ಅಕಿನ್ನ ಬಿಡು."

"ಬಿಡ್ತೇನಿ ಅತ್ತಿ. ರೊಟ್ಟಿ ನೀವು ಬಡೀತೀರೇನು?"

ಹುಡುಗೀನ ನಕ್ಕಳು. "ಇರಲಿ ಬಿಡ ಆಯಿ, ಪಾಸಾಗಿ ಒಮ್ಮಿಗೇ ಮಲಗ್ತೇನಿ."

ಪರೀಕ್ಷೆ ದಿನಾನೂ ರೊಟ್ಟಿ ಬಡಿದ ಹೋದಳು. ಮನಿಗೆ ಬಂದಾಗ ಗಲ್ಲಕ್ಕ ಪೆನ್ನಿನ ಶಾಯಿ ಹತ್ತಿತ್ತು. ಪ್ರಶ್ನೆ ಓದಿದ್ದು ನೆನಪೈತಿ, ಮೇಡಂ ಭುಜ ಅಲುಗಿಸಿದ್ದು ನೆನಪೈತಿ ಅಂದಳು. ನಡುವ ಪರೀಕ್ಷೆ ಹೋಗಿತ್ತು. ಮತ್ತ ಕಟ್ಟಿದಳು. ರೊಟ್ಟಿನೂ ಬಡಿದಳು. ಮತ್ತೂ ಹೋತು. ನರ್ಸ್ ಮಾತು ಅಲ್ಲಿಗೆ ಮುಗೀತು, ಮದಿವಿ ಮಾಡಿದ್ರು.

ಈಗ ಬಾಗೇವಾಡಿಯಾಗ ಗಂಡನ ಮನಿ. ಮೊನ್ನೆ ತವರಿಗೆ ಬಂದಿದ್ದಳು. ಖಾನಾವಳಿಯವರು ಮಷಿನ್ ತಂದಾರ, ನಮ್ಮ ರೊಟ್ಟಿ ಯಾರಿಗೂ ಬೇಕಾಗಿಲ್ಲ. "ಹೊತ್ತ ಏರೂಮಟ ಮಲಗವ್ವ, ಯಾರೂ ಎಬ್ಬಸೂದಿಲ್ಲ" ಅಂದೆ.

ಬೆಳಕು ಹರಿದು ನೋಡಿದ್ರ ಆರಿದ ಒಲಿ ಮುಂದ ಕುಂತಾಳ.

"ಯಾಕ?"

"ನಿದ್ದಿ ಬರವಲ್ದು ಆಯಿ."

ಕೈಯಾಗ ನನ್ನ ಗುಳಿಗಿ ಡಬ್ಬಿ ಇತ್ತು. ಒಂದೊಂದ ಹೊರಗ ತಗದು, ಅಕ್ಷರ ಕೂಡಿಸಿ ಹೆಸರು ಓದಾಕತ್ತಿದ್ದಳು.