ಬರ್ನಡೆಟ್ ಮೇಡಂ ಕಲಿಸಿದ ಬ್ರಾಕೆಟ್

ತಮಗೆ ಅರ್ಥವಾಗದ ಕಾಗದಕ್ಕೆ ಬರ್ನಡೆಟ್ ಲಸ್ರಾದೊ ಸಹಿ ಹಾಕುವವರಲ್ಲ. ಕಾವೂರಿನ ಅವರ ಮನೆಗೆ ಕೊರಿಯರ್ ತರುವವನಿಗೂ ಇದು ಗೊತ್ತು. ಪೊಟ್ಟಣದ ಮೇಲಿನ ವಿಳಾಸವನ್ನು ಅವರು ಪೂರ್ತಿ ಓದುವ ತನಕ ಆತ ಬೈಕಿನ ಇಂಜಿನ್ ಬಂದ್ ಮಾಡಿ ನಿಲ್ಲುತ್ತಾನೆ. ಬಹರೈನಿನಿಂದ ಮರಳಿ ಬಂದ ಗಂಡ ಯೂಸ್ಟೇಸ್ ಈ ವಿಷಯದಲ್ಲಿ ಒಂದು ಕತೆಯನ್ನೇ ಕಟ್ಟಿದ್ದಾರೆ. "ಮದುವೆಯ ದಿನ ಇಗರ್ಜಿಯ ರಿಜಿಸ್ಟರನ್ನೂ ಇವಳು ಮೇಲಿನಿಂದ ಕೆಳಗಿನವರೆಗೆ ಓದಿದ್ದಾಳೆ ಮಾರಾಯ. ಊಟಕ್ಕೆ ತಡವಾಯ್ತು ಅಂತ ಪಾದ್ರಿಗಳು ಗದರಿದ ಮೇಲೆಯೇ ನಾನು ಗಂಡ ಆದದ್ದು!"

ಬರ್ನಡೆಟ್ ಹುಟ್ಟಿದ್ದು ಬಜಪೆಯಲ್ಲಿ. ಅಕ್ಕಂದಿರಿಬ್ಬರೂ ನರ್ಸಿಂಗ್ ಕಲಿತು ಗಲ್ಫಿಗೆ ಹೋದರು. ಇವರಿಗೆ ರಕ್ತ ಕಂಡರೆ ತಲೆಸುತ್ತು, ಹಾಗಾಗಿ ಕಾಮರ್ಸ್. ಓದು ಮುಗಿಸಿ ಹಂಪನಕಟ್ಟೆಯ ಒಂದು ಆಡಿಟ್ ಕಚೇರಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು, ಆಮೇಲೆ ನಗರದ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತರು. ನಿಂತವರು ಮತ್ತೆ ಕದಲಲಿಲ್ಲ. ಲೆಕ್ಕಪತ್ರ ಓದುವುದನ್ನು ಹೇಳಿಕೊಡುವಾಗ ಅವರ ಮೊದಲ ಪಾಠ ಒಂದೇ ಸಾಲಿನದು: "ಬ್ರಾಕೆಟ್ ಕಂಡರೆ ಕಳೆಯಿರಿ." ಅಚ್ಚಾದ ವರದಿಯಲ್ಲಿ ಬ್ರಾಕೆಟ್ಟಿನೊಳಗೆ ಕುಳಿತ ಅಂಕಿ ಮೈನಸ್ ಎಂದರ್ಥ. ಈ ಸಾಲು ಕ್ಯಾಂಟೀನಿನಲ್ಲಿ ಅವರ ಅಣಕವಾಗಿ ಓಡಾಡುತ್ತದೆ. ಸ್ವಂತ ಕಚೇರಿ ತೆರೆದ ಹಳೆಯ ವಿದ್ಯಾರ್ಥಿಗಳು ಬಸ್ಸಿನಲ್ಲಿ ಸಿಕ್ಕಿದರೆ ನಮಸ್ಕಾರಕ್ಕೆ ಬದಲು ಇದನ್ನೇ ಹೇಳುತ್ತಾರೆ. ಬರ್ನಡೆಟ್ ನಗುತ್ತಾರೆ, ಒಳಗೊಳಗೇ ಹೆಮ್ಮೆಯನ್ನೂ ಪಡುತ್ತಾರೆ.

ಮಾರ್ಚ್ ತಿಂಗಳಲ್ಲಿ ನಿವೃತ್ತಿ. ಫೆಬ್ರವರಿಯಲ್ಲಿ, ಎಂ.ಕಾಂ. ಪ್ರಾಜೆಕ್ಟುಗಳಿಗೆ ಮಾರ್ಗದರ್ಶಕಿಯಾಗಿದ್ದ ಎಳೆಯ ಅಧ್ಯಾಪಕಿ ಆನ್ಸಿ ಹೆರಿಗೆ ರಜೆಯ ಮೇಲೆ ಹೋದಳು. ಅವಳ ಒಂದು ತಂಡ ಬರ್ನಡೆಟ್ ಅವರ ಪಾಲಿಗೆ ಬಂತು. ತಂಡವೆಂದರೆ ಇಬ್ಬರೇ, ಶ್ರವಣ್ ಮತ್ತು ಮೈಮೂನಾ. ವಿಷಯ ಎಕ್ಸ್‌ಬಿಆರ್‌ಎಲ್.

ಈ ತಂತ್ರಜ್ಞಾನದ ಹೆಸರನ್ನು ಅವರು ಕೇಳಿದ್ದರು, ಮುಟ್ಟಿ ನೋಡಿರಲಿಲ್ಲ. ಮೈಮೂನಾ ತಾಳ್ಮೆಯಿಂದ ವಿವರಿಸಿದಳು. ಅಚ್ಚಾದ ವರದಿ ಇರುವುದು ಮನುಷ್ಯರ ಕಣ್ಣಿಗೆ. ಕಂಪ್ಯೂಟರಿಗೆ ಅದು ಅರ್ಥವಾಗಬೇಕಾದರೆ ಒಂದೊಂದು ಅಂಕಿಗೂ ಒಂದೊಂದು ಚೀಟಿ ಅಂಟಿಸಬೇಕು. ಇದು ಯಾವುದರ ಮೊತ್ತ, ಯಾರದ್ದು, ಯಾವ ವರ್ಷದ್ದು, ರೂಪಾಯಿಯೋ ಸಾವಿರವೋ ಎಲ್ಲವೂ ಆ ಚೀಟಿಯಲ್ಲಿ ಇರುತ್ತದೆ. ಚೀಟಿಗಳ ಹೆಸರುಗಳಿಗೆ ಒಂದು ಸಿದ್ಧ ಪಟ್ಟಿ ಉಂಟು. ದೊಡ್ಡ ಕಂಪನಿಗಳು ಹೀಗೆಯೇ ವರದಿ ಸಲ್ಲಿಸುತ್ತವೆ. ಸಣ್ಣ ಸಂಘವೊಂದರ ವರದಿಯನ್ನೂ ಹೀಗೆ ಮಾಡಿದರೆ ಹೇಗೆ ಎಂಬುದು ಇವರ ಪ್ರಾಜೆಕ್ಟು. ಅದಕ್ಕೆ ಆರಿಸಿಕೊಂಡದ್ದು ಕಾಟಿಪಳ್ಳದ ಒಂದು ಮಹಿಳಾ ಹೊಲಿಗೆ ಸಹಕಾರಿ ಸಂಘ. ಮೈಮೂನಾಳ ತಾಯಿ, ಅವಳ ಬಾಯಲ್ಲಿ ಉಮ್ಮ, ಅದರ ಸದಸ್ಯೆ.

"ನೋಡಿ ಮೇಡಂ, ತಪ್ಪು ಒಂದೂ ಇಲ್ಲ," ಎಂದು ಶ್ರವಣ್ ಲ್ಯಾಬಿನ ಪರದೆಯ ಮೇಲೆ ಹಸಿರು ಗುರುತು ತೋರಿಸಿದ. "ಸಾಫ್ಟ್‌ವೇರೇ ಪಾಸ್ ಮಾಡಿದೆ. ನಿಮ್ಮ ಸಹಿ ಒಂದು ಬಾಕಿ. ಶುಕ್ರವಾರ ಲಾಸ್ಟ್ ಡೇಟ್."

ಸಹಿ ಬೇಕಾದದ್ದು ಪ್ರಮಾಣಪತ್ರದಲ್ಲಿ, 'ಇದನ್ನು ನಾನು ಪರಿಶೀಲಿಸಿದ್ದೇನೆ' ಎಂಬ ವಾಕ್ಯದ ಕೆಳಗೆ. ಅದಿಲ್ಲದಿದ್ದರೆ ಇಬ್ಬರ ವೈವಾ ಮುಂದಿನ ಬ್ಯಾಚಿನ ಜೊತೆಗೆ. ಬರ್ನಡೆಟ್ ಪರದೆಯನ್ನು ನೋಡಿದರು. ಕೋನದ ಆವರಣಗಳು, ಒಂದಕ್ಕೊಂದು ಅಂಟಿಕೊಂಡ ಇಂಗ್ಲಿಷ್ ಪದಗಳು, ನಡುನಡುವೆ ಅಂಕಿಗಳು. ಏನೂ ಅರ್ಥವಾಗಲಿಲ್ಲ.

ಮನೆಗೆ ಬಂದು ಹೇಳಿದಾಗ ಯೂಸ್ಟೇಸ್ ಬನ್ಸ್ ಮುರಿಯುತ್ತಾ ಅಂದರು, "ಹಾಕಿ ಬಿಡು ಬರ್ನಿ. ಇನ್ನೊಂದು ತಿಂಗಳಲ್ಲಿ ನೀನು ಮನೆಯಲ್ಲಿ. ಯಾರು ಕೇಳ್ತಾರೆ?"

"ಯಾರೂ ಕೇಳುವುದಿಲ್ಲ, ನನಗೂ ಗೊತ್ತುಂಟು," ಎಂದರು ಬರ್ನಡೆಟ್. "ಆದರೆ ಪರಿಶೀಲಿಸಿದ್ದೇನೆ ಅಂತ ಬರೆದುಂಟಲ್ಲ."

"ಹಾಗಾದರೆ ಪರಿಶೀಲಿಸು."

"ಕಣ್ಣಿಗೆ ಹತ್ತುವುದಿಲ್ಲ ಅದು."

"ಕಣ್ಣಿಗೆ ಹತ್ತದ್ದು ಕಿವಿಗೆ ಹತ್ತಬಹುದು. ನನ್ನ ಮಾತ್ರೆಯ ಹೆಸರನ್ನು ನೀನೇ ದಿನಾ ಓದಿಸಿ ಕೇಳುವುದಲ್ವಾ?"

ಆಡಿಟ್ ಕಚೇರಿಯ ದಿನಗಳು ನೆನಪಾದವು. ಅಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಗುರುತು ಹಾಕುವುದು. ಕಣ್ಣು ಜಾರಿ ಹೋಗುವ ಕಡೆ ಕಿವಿ ಎಡವಿ ನಿಲ್ಲುತ್ತಿತ್ತು.

ಗುರುವಾರ ಮಧ್ಯಾಹ್ನ ಅವರು ಅಚ್ಚಾದ ವರದಿ ಮತ್ತು ಹಸಿರು ಪೆನ್ನು ಹಿಡಿದು ಲ್ಯಾಬಿನಲ್ಲಿ ಕುಳಿತರು. "ನಾನು ಪರದೆ ನೋಡುವುದಿಲ್ಲ. ಒಂದೊಂದು ಚೀಟಿಯನ್ನೂ ನೀವು ವಾಕ್ಯ ಮಾಡಿ ಹೇಳಬೇಕು. ಕನ್ನಡದಲ್ಲಿ."

"ಎಲ್ಲಾ?" ಎಂದ ಶ್ರವಣ್.

"ಎಲ್ಲಾ."

"ಗ್ರೀನ್ ಬಂದದ್ದಕ್ಕೆ ಇನ್ನೂ ಎಂತ ಓದುವುದು," ಎಂದು ಅವನು ಮೈಮೂನಾಳ ಕಡೆ ಗೊಣಗಿದ.

"ಓದು ಮಾರಾಯ, ನಿನ್ನ ಬಾಯಿ ಸವೆಯುವುದಿಲ್ಲ," ಎಂದು ಅವಳು ಕುರ್ಚಿ ಎಳೆದುಕೊಂಡಳು.

ಆಸ್ತಿ, ಹೊಣೆಗಾರಿಕೆ ಸಲೀಸಾಗಿ ಹೋದವು. ನಗದು ಹರಿವಿನ ಪಟ್ಟಿ ಬಂತು. ಅಲ್ಲಿ ಹಣ ಹೊರಗೆ ಹೋದ ಸಾಲುಗಳೆಲ್ಲ ಬ್ರಾಕೆಟ್ಟಿನಲ್ಲಿದ್ದವು. ಮೈಮೂನಾ ಓದಿದಳು: "ಸಂಘವು ಈ ವರ್ಷ ಪೂರೈಕೆದಾರರಿಗೆ ಮಾಡಿದ ಪಾವತಿ, ಮೈನಸ್ ನಾಲ್ಕು ಲಕ್ಷ..." ಅಷ್ಟಕ್ಕೇ ನಿಂತಳು.

ಹಸಿರು ಪೆನ್ನೂ ನಿಂತಿತು. "ಮೈನಸ್ ಪಾವತಿ ಅಂದರೆ ಎಂತ?"

"ಅಂದರೆ... ಪಾವತಿ ಮಾಡಿದ್ದಲ್ಲ. ಬಂದದ್ದು." ಮೈಮೂನಾಳಿಗೆ ನಗು ತಡೆಯಲಾಗಲಿಲ್ಲ. "ನೂಲಿನ ಅಂಗಡಿಯವರೇ ಉಮ್ಮನವರಿಗೆ ದುಡ್ಡು ಕೊಟ್ಟ ಹಾಗಾಯ್ತು ಮೇಡಂ!"

ಶ್ರವಣ್ ನಗಲಿಲ್ಲ. ಕೆಳಗಿನ ಸಾಲನ್ನು ಓದಿದ, ಅದರ ಕೆಳಗಿನದನ್ನೂ. ಪಾವತಿಯ ಸಾಲುಗಳೆಲ್ಲ ತಲೆಕೆಳಗಾಗಿದ್ದವು. ಚೀಟಿಯ ಹೆಸರಿನಲ್ಲೇ 'ಪಾವತಿ' ಎಂದಿರುವಾಗ ಅಂಕಿಗೆ ಮತ್ತೊಂದು ಮೈನಸ್ ಹಾಕಿದರೆ ಅರ್ಥವೇ ತಿರುಗುತ್ತದೆ. ಬ್ರಾಕೆಟ್ ಇರುವುದು ಓದುವ ಕಣ್ಣಿಗೆ ಮಾತ್ರ.

"ಮತ್ತೆ ಸಾಫ್ಟ್‌ವೇರ್ ಯಾಕೆ ಪಾಸ್ ಮಾಡಿತು?" ಎಂದು ಬರ್ನಡೆಟ್ ಕೇಳಿದರು.

"ಕೂಡಿಸುವ ನಿಯಮವನ್ನೂ ನಾವೇ ಬರೆದದ್ದು. ಮೈನಸ್ ಇದ್ದರೆ ಸರಿಯಾಗುವ ಹಾಗೆ ಬರೆದಿದ್ದೇವೆ. ಅದು ಕೂಡಿಸಿ ನೋಡ್ತದೆ, ಅರ್ಥ ನೋಡುವುದಿಲ್ಲ."

"ಎಲ್ಲದಕ್ಕೂ ಮೈನಸ್ ಯಾಕೆ ಹಾಕಿದಿರಿ?"

ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಕೊನೆಗೆ ಶ್ರವಣ್ ಮೆಲ್ಲಗೆ ಅಂದ, "ಬ್ರಾಕೆಟ್ ಕಂಡರೆ ಕಳೆಯಿರಿ ಅಂತ... ನೀವೇ ಮೇಡಂ. ಫಸ್ಟ್ ಇಯರಲ್ಲಿ."

ಬರ್ನಡೆಟ್ ಪೆನ್ನಿನ ಮುಚ್ಚಳ ಹಾಕಿ ತೆಗೆದರು. ಮಕ್ಕಳ ತಪ್ಪನ್ನು ಹುಡುಕಲು ಕುಳಿತವರಿಗೆ ತಮ್ಮದೇ ಪಾಠ ಸಿಕ್ಕಿತ್ತು. ಅವರು ಕಲಿಸಿದ್ದು ಕಾಗದದ ಮಟ್ಟಿಗೆ ಸುಳ್ಳಲ್ಲ. ಆದರೆ ಆ ಸಾಲು ಎಲ್ಲಿ ಸರಿ, ಎಲ್ಲಿಂದಾಚೆ ಸಲ್ಲದು ಎಂಬುದನ್ನು ಅವರು ಯಾರಿಗೂ ಹೇಳಿಕೊಟ್ಟಿರಲಿಲ್ಲ.

"ಒಳ್ಳೆಯ ವಿದ್ಯಾರ್ಥಿಗಳು ಸಿಕ್ಕಿದ್ದೇ ತೊಂದರೆ," ಎಂದರು ಕೊನೆಗೆ. "ಸ್ವಲ್ಪ ಉದಾಸೀನದವರಾಗಿದ್ದರೆ ಮರೆತಿರುತ್ತಿದ್ದಿರಿ."

ಶ್ರವಣ್ ಕೀಬೋರ್ಡ್ ಎಳೆದುಕೊಂಡ. "ಒಂದು ನಿಮಿಷದ ಕೆಲಸ ಮೇಡಂ. ಎಲ್ಲಾ ಮೈನಸ್ ಸೆಲೆಕ್ಟ್ ಮಾಡಿ ಒಟ್ಟಿಗೇ ತೆಗೀತೇನೆ. ನಿಯಮವನ್ನೂ ತಿದ್ದುತ್ತೇನೆ."

"ಬೇಡ." ಬರ್ನಡೆಟ್ ಅವನ ಕೈ ತಡೆದರು. "ಎಲ್ಲಾ ಹಾಕಿದ್ದೂ ಅರ್ಥ ನೋಡದೆ, ನಿಯಮ ಅಂತಲೇ. ಎಲ್ಲಾ ತೆಗೆಯುವುದೂ ಹಾಗೇ ಆಗ್ತದೆ. ಓದಿ."

ಓದುತ್ತಾ ಹೋದರು. ಪಾವತಿ, ಮೈನಸ್ ತೆಗೆ. ಬಾಡಿಗೆ ಕೊಟ್ಟದ್ದು, ತೆಗೆ. ಯಂತ್ರ ಕೊಂಡದ್ದು, ತೆಗೆ. ಪಟ್ಟಿಯ ಬುಡದಲ್ಲಿ ಒಂದು ಸಾಲು ಉಳಿದಿತ್ತು. ಮೈಮೂನಾ ಓದಿದಳು: "ಈ ವರ್ಷ ನಗದಿನಲ್ಲಿ ಆದ ನಿವ್ವಳ ಏರಿಕೆ, ಮೈನಸ್ ಮೂವತ್ತೆಂಟು ಸಾವಿರ."

ಶ್ರವಣನ ಬೆರಳು ಆಗಲೇ ಕೀ ಮೇಲಿತ್ತು.

"ನಿಲ್ಲು ಮಗಾ," ಎಂದರು ಬರ್ನಡೆಟ್. "ಹೆಸರು ಎಂತ? ಏರಿಕೆ. ಮೈನಸ್ ತೆಗೆದರೆ ದುಡ್ಡು ಏರಿತು ಅಂತಾಗ್ತದೆ. ಏರಿತಾ?"

"ಇಲ್ಲ, ಇಳಿದಿದೆ," ಎಂದಳು ಮೈಮೂನಾ. "ಹೊಸ ಮೆಷಿನ್ ತೆಗೊಂಡದ್ದು ಇದೇ ವರ್ಷ. ಅದರ ಪೂಜೆಯೋ ದುವಾವೋ ಅಂತ ಅಲ್ಲಿ ದೊಡ್ಡ ಚರ್ಚೆ. ಕೊನೆಗೆ ಎಲ್ಲರೂ ಐಸ್‌ಕ್ರೀಂ ತಿಂದರು."

"ಹಾಗಾದರೆ ಈ ಮೈನಸ್ ಇರಲಿ."

ಅವರು ಕುರ್ಚಿಯನ್ನು ಪರದೆಯ ಮುಂದೆ ಎಳೆದುಕೊಂಡರು. ಆ ಕೋನಗಳ ನಡುವೆ ಆ ಒಂದು ಸಾಲು ಈಗ ಅವರಿಗೆ ತಾನಾಗಿ ಕಂಡಿತು, ಹೆಸರು, ಸಂಘ, ವರ್ಷ, ಅಂಕಿ ಎಲ್ಲ. ಬೆರಳಿಟ್ಟು ಗಟ್ಟಿಯಾಗಿ ಓದಿದರು. ಎಡವದೆ ಓದಿದರು.

ಶುಕ್ರವಾರ ಬೆಳಿಗ್ಗೆ ತಿದ್ದಿದ ಪ್ರತಿ ಬಂತು. ಪ್ರಮಾಣಪತ್ರವನ್ನು ಅವರು ಮೇಲಿನಿಂದ ಕೆಳಗಿನವರೆಗೆ ಓದಿ, ಸಹಿ ಹಾಕಿ ಕೊಟ್ಟರು. ಶ್ರವಣ್ ಅದನ್ನು ಹಿಡಿದು ಕಚೇರಿಯ ಕಡೆ ಓಡಿದ. ಮೈಮೂನಾ ಬಾಗಿಲಲ್ಲಿ ತಿರುಗಿ, "ಥ್ಯಾಂಕ್ಸ್ ಮೇಡಂ, ಉಮ್ಮ ಐಸ್‌ಕ್ರೀಂ ಕಳಿಸ್ತಾರಂತೆ," ಎಂದು ಹೋದಳು.

ಮುಂದಿನ ಗಂಟೆ ಮೊದಲ ವರ್ಷದವರಿಗೆ. ಬರ್ನಡೆಟ್ ಹಲಗೆಯ ಮೇಲೆ ಬ್ರಾಕೆಟ್ ಹಾಕಿ ಒಂದು ಅಂಕಿ ಬರೆದರು. "ಎಂತ ಇದು?"

"ಬ್ರಾಕೆಟ್ ಕಂಡರೆ ಕಳೆಯಿರಿ!" ಎಂದು ಇಡೀ ತರಗತಿ ಕೂಗಿತು. ಹಿಂದಿನ ಬೆಂಚಿನವರು ಅವರ ದನಿಯನ್ನೇ ಅಣಕಿಸಿದ್ದರು.

ಅವರೂ ನಕ್ಕರು. ಆಮೇಲೆ ಅಂಕಿಯ ಎಡಬದಿಯ ಖಾಲಿ ಜಾಗವನ್ನು ಸುಣ್ಣದ ಕಡ್ಡಿಯಿಂದ ತಟ್ಟಿದರು.

"ಇಲ್ಲಿ ಹೆಸರೇ ಬರೆದಿಲ್ಲ ನಾನು. ಯಾವುದನ್ನು ಕಳೀತೀರಿ?"